ಅಮ್ಮ ಕರೆದರೂ ಹಾರಬೇಡ

ಪಾತ್ರೆ ತೊಳೆಯಬೇಕು. ಕ್ಯಾನಿನಲ್ಲಿ ಇರುವುದು ಅರ್ಧ ನೀರು. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿದೆ. ಯಾರಿಗೆ ತಾನೇ ಇಳಿಯೋಣ ಅನ್ನಿಸುವುದಿಲ್ಲ?

ಈ ಕಥೆಯ ತಾಯಿ ದರ್ಜಿ. ರಜೆಯಲ್ಲಿ ಮಗಳ ಜೊತೆ ಕಾಲುವೆಯ ದಂಡೆ ಹಿಡಿದು ಸೈಕಲ್‌ನಲ್ಲಿ ಹೊರಟಿದ್ದಳು. ನಿಧಾನವಾಗಿ ಹೋಗೋಣ ಅಂದವಳೂ ಅವಳೇ, ಒಂದು ಕಡೆ ಕೂರಲಾರದವಳೂ ಅವಳೇ. ಡೇರೆ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಸಂಜೆ ಅವರನ್ನು ನೋಡಲು ಬಂದಿದ್ದ ಅವಳ ಅಣ್ಣ ನಗುತ್ತಿದ್ದ. ಅವನು ಈಜು ಕಲಿಸುವ ಮೇಷ್ಟ್ರು.

ತಾಯಿ ಪಾತ್ರೆ ಹಿಡಿದು ಎದ್ದಳು.

"ಅಲ್ಲಿ ಇಳೀಬೇಡ ಕಣೇ. ಪಾಚಿ ಕಟ್ಟಿದೆ. ಕ್ಯಾನಿನ ನೀರಲ್ಲೇ ತೊಳಿ."

"ಈಜು ಮೇಷ್ಟ್ರಂತೆ, ನೀರು ಕಂಡ್ರೆ ಬೆಕ್ಕಿನ ಹಾಗಾಡ್ತೀಯ! ಬಿದ್ರೆ ನನ್ನ ಮಗಳಿದ್ದಾಳೆ. ಮೀನಿನ ಹಾಗೆ ಈಜ್ತಾಳೆ, ನೀನೇ ಕಲಿಸಿದ್ದಲ್ವಾ?"

ಸಿಮೆಂಟಿನ ಇಳಿಜಾರಿನಲ್ಲಿ ಎರಡನೇ ಹೆಜ್ಜೆಗೇ ಜಾರಿದಳು. ನೀರು ಎಳೆಯಿತು. ಉಗುರು ಊರಿದಷ್ಟೂ ಜಾರಿತು.

"ಪುಟ್ಟೀ! ಬಾರೇ!"

ಮಗಳು ಚಪ್ಪಲಿ ಬಿಟ್ಟು ಓಡಿದಳು. ಮಾವ ಹಿಂದಿನಿಂದ ಸೊಂಟ ಹಿಡಿದ. ಅವಳು ಕಚ್ಚಿದಳು. ಅವನು ಬಿಡದೆ ದಂಡೆಯ ಮೇಲಿದ್ದ ಮರದ ಬಳಿಗೆ ಅವಳನ್ನು ಎಳೆದು ತಂದ.

"ಮರ ಹಿಡ್ಕೊ! ಜನ ಬರೋವರೆಗೂ ಕೂಗ್ತಾ ಇರು!"

ಸೈಕಲ್ಲಿನ ಹಗ್ಗ ಬಿಚ್ಚಿ ಒಂದು ತುದಿ ಮರಕ್ಕೆ ಕಟ್ಟಿದ. ಇನ್ನೊಂದಕ್ಕೆ ಕ್ಯಾನ್ ಕಟ್ಟಿ, ನೀರು ಚೆಲ್ಲಿ, ಮುಚ್ಚಳ ಬಿಗಿದು ಎಸೆದ. ತಾಯಿ ಕ್ಯಾನ್ ತಬ್ಬಿಕೊಂಡಳು. ಅವನು ದಂಡೆಯ ಮೇಲೆ ಬೋರಲು ಮಲಗಿ ಎಳೆದ. ಕೂಗು ಕೇಳಿ ಬಂದ ಇಬ್ಬರು ಕೈ ಸೇರಿಸಿದರು.

ತಾಯಿ ಮೇಲೆ ಬಂದಾಗ ಮಗಳು ಅತ್ತದ್ದು ಸಿಟ್ಟಿನಿಂದ. "ನಂಗೆ ಈಜು ಬರುತ್ತೆ ಮಾವ! ಯಾಕೆ ಹಿಡ್ಕೊಂಡೆ?"

"ಈಜೋಕೆ ಬರುತ್ತೆ. ಹತ್ತೋದು ಹೇಗೆ? ನಮ್ಮ ಕೊಳದಲ್ಲಿ ಏಣಿ ಇದೆ, ಇಲ್ಲೆಲ್ಲಿದೆ? ಮುಳುಗೋರು ಕೈಗೆ ಸಿಕ್ಕಿದೋರನ್ನ ಬಿಡಲ್ಲ, ಜೊತೆಗೇ ಮುಳುಗಿಸ್ತಾರೆ ಕಂದ."

"ನಮ್ಮಮ್ಮ ಹಾಗೆ ಮಾಡಲ್ಲ."

ತಾಯಿ ಕಿತ್ತ ಉಗುರುಗಳನ್ನೇ ನೋಡುತ್ತಿದ್ದಳು. "ಮಾಡ್ತಿದ್ದೆ" ಅಂದಳು. "ನೀನು ಸಿಕ್ಕಿದ್ರೆ ನಾನು ಬಿಡ್ತಿರಲಿಲ್ಲ ಪುಟ್ಟೀ."

ಮರುದಿನ ಪ್ರಯಾಣ ಮುಂದುವರಿಯಿತು. ತಾಯಿಗೆ ಸಮಾಧಾನವಿಲ್ಲ. ಸೈಕಲ್ ನಿಲ್ಲಿಸಿದಲ್ಲೆಲ್ಲ ಅದೇ ಪ್ರಶ್ನೆ.

"ನಾನು ಬಿದ್ರೆ?"

"ಕೂಗ್ತೀನಿ. ತೇಲೋದೇನಾದ್ರೂ ಎಸೀತೀನಿ."

"ಕರೆದ್ರೆ?"

ಮಗಳು ಸೈಕಲ್ಲಿನ ಗಂಟೆ ಒರೆಸತೊಡಗಿದಳು.

"ಹೇಳೇ."

"ಹಾರಲ್ಲ."

"ಅತ್ರೆ?"

"ಹಾರಲ್ಲ ಅಂದ್ನಲ್ಲಮ್ಮಾ!" ಕಣ್ಣೊರೆಸಿಕೊಂಡು ಪೆಡಲ್ ತುಳಿದಳು.

ಕಾಲುವೆಯ ಬಳಿ ಓಡಾಡುವ ಅಪ್ಪ ಅಮ್ಮಂದಿರೇ, ಪಾತ್ರೆಗಾಗಲಿ ಚೆಂಡಿಗಾಗಲಿ ನೀರಿಗಿಳಿಯಬೇಡಿ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಜನರನ್ನು ಕೂಗಿ, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಿರಿ, ಮಲಗಿ ಎಳೆಯಿರಿ. ಮಕ್ಕಳಿಗೂ ಇಂದೇ ಹೇಳಿಕೊಡಿ. ಅಮ್ಮ ಕರೆದರೂ ಹಾರಬಾರದು ಎಂಬುದನ್ನು ಅಮ್ಮನೇ ಹೇಳಬೇಕು. ಬೇರೆ ಯಾರು ಹೇಳಿದರೂ ಮಗು ಕೇಳುವುದಿಲ್ಲ.