ಸಕ್ಕರೆ ಗಿಣಿ

ಸಂಕ್ರಾಂತಿ ಹತ್ತಿರ ಬಂತೆಂದರೆ ಗಾವಡಗೆರೆಯ ಹೆಂಗಸರಿಗೆ ಜಯಶೀಲಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿತ್ತು. ವರ್ಷವೆಲ್ಲ ನಲ್ಲಿಯ ಮುಂದೆ ಕೊಡಕ್ಕೆ ಕೊಡ ಕುಟ್ಟಿ ಜಗಳ ಕಾಯುವವರೂ ಆಗ "ಯಾಕವ್ವ, ಸೊರಗೋಗಿದ್ದೀಯಲ್ಲ" ಎಂದು ಕೆನ್ನೆ ಸವರುತ್ತಿದ್ದರು. ಪ್ರೀತಿ ಅವಳ ಮೇಲಲ್ಲ, ಅವಳು ಮಿರ್ಲೆಯ ತವರಿನಿಂದ ತಂದ ತೇಗದ ಅಚ್ಚುಗಳ ಮೇಲೆ. ಆನೆ, ಮೀನು, ಬದನೆಕಾಯಿ, ಗೋಪುರ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಗಿಣಿ. ಕೊಕ್ಕು ಮುರಿಯದ ಹಾಗೆ ಆ ಗಿಣಿಯನ್ನು ಅಚ್ಚಿನಿಂದ ಬಿಡಿಸುವುದು ಊರಿನಲ್ಲಿ ಅವಳೊಬ್ಬಳಿಗೇ ಒಲಿದಿತ್ತು.

ಕೆಲಸ ನಡೆಯುತ್ತಿದ್ದದ್ದು ಕಾಲುವೆಯ ಆಚೆ, ವೀರಮ್ಮನ ಮನೆಯಲ್ಲಿ. ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಮತ್ತೆ ಕಾಯಿಸಿ, ಬೆಳ್ಳಗಾಗುವ ತನಕ ತಿರುವಿ, ದಾರ ಸುತ್ತಿದ ಅಚ್ಚಿಗೆ ಹೊಯ್ದರೆ ಆಮೇಲೆ ತಾಳ್ಮೆ ಒಂದೇ ಬೇಕು. ಅವಸರ ಮಾಡಿದವರಿಗೆ ಕುಂಟ ಆನೆ, ತಲೆಯಿಲ್ಲದ ಗಿಣಿ. ಜಯಶೀಲ ಅವಸರದವಳಲ್ಲ. ಹಬ್ಬದ ದಿನ ಊರಿನ ಹೆಣ್ಣುಮಕ್ಕಳು ಜರಿಲಂಗ ಉಟ್ಟು ಎಳ್ಳು ಬೀರುವಾಗ ಪ್ರತಿ ತಟ್ಟೆಯಲ್ಲೂ ಅವಳ ಕೈಯ ಗಿಣಿ ಕೂತಿರುತ್ತಿತ್ತು.

ಅವಳ ಸ್ವಂತ ಮನೆಯ ತಟ್ಟೆಯಲ್ಲಿ ಮಾತ್ರ ಇಲ್ಲ. ಆ ಮನೆಗೆ ಸಂಕ್ರಾಂತಿಯೇ ಇರಲಿಲ್ಲ.

ಅವಳ ಗಂಡ ಶಿವಶಂಕರನಿಗೆ ಒಬ್ಬಳು ಅಕ್ಕ ಇದ್ದಳಂತೆ, ರಾಜಮ್ಮಣಿ. ಏಳು ವರ್ಷದ ಹುಡುಗಿ. ಒಂದು ಸಂಕ್ರಾಂತಿಯ ದಿನ ಊರೆಲ್ಲ ಎಳ್ಳು ಬೀರಿ ಬಂದವಳನ್ನು ತಾಯಿ ಚಾಮುಂಡಮ್ಮ "ವೀರಮ್ಮನ ಮನೆ ಒಂದು ಉಳಕಂತು, ಓಗ್ಬುಟ್ಟು ಬಾ" ಎಂದು ಮತ್ತೆ ಕಳಿಸಿದಳು. ಕಾಲುವೆಗೆ ಆಗ ಸೇತುವೆ ಇರಲಿಲ್ಲ, ಅಡ್ಡಲಾಗಿ ಒಂದು ತೆಂಗಿನ ದಿಮ್ಮಿ ಇತ್ತು. ಹುಡುಗಿ ವೀರಮ್ಮನ ಮನೆ ಮುಟ್ಟಲಿಲ್ಲ.

ಹಬ್ಬದ ದಿನ ಸಾವಾದರೆ ಆ ಮನೆಗೆ ಆ ಹಬ್ಬ ನಿಂತುಹೋಯಿತು. ತೋರಣ ಕಟ್ಟುವಂತಿಲ್ಲ, ರಂಗೋಲಿ ಹಾಕುವಂತಿಲ್ಲ, ಸಿಹಿ ಬೇಯಿಸುವಂತಿಲ್ಲ. ಮುಂದೆಂದಾದರೂ ಅದೇ ದಿನ ಮನೆಯಲ್ಲಿ ಮಗು ಹುಟ್ಟಬೇಕು, ಇಲ್ಲವೇ ಕೊಟ್ಟಿಗೆಯಲ್ಲಿ ಕರು ಹುಟ್ಟಬೇಕು, ಆಗ ಹಬ್ಬ ತಿರುಗಿ ಬರುತ್ತದೆ. ಈ ಕಟ್ಟಳೆ ಮಾಡಿದವರು ಯಾರೋ, ಅವರ ಮನೆಯಲ್ಲಿ ಹಬ್ಬಕ್ಕೆ ಹಂಬಲಿಸುವ ಮಕ್ಕಳು ಇರಲಿಲ್ಲವೆಂದು ಕಾಣುತ್ತದೆ. ಅದರಲ್ಲೂ ಒಂದು ಕಿತಾಪತಿ ಇಟ್ಟಿದ್ದರು: ಬೇರೆಯವರು ಕೊಟ್ಟದ್ದನ್ನು ತೆಗೆದುಕೊಳ್ಳಬಹುದು, ಕೊಡುವಂತಿಲ್ಲ. ಮುಸ್ಸಂಜೆಗೆ ನೆರೆಹೊರೆಯವರು ಬಂದು ತಟ್ಟೆ ಕೊಡುತ್ತಿದ್ದರು. ಜಯಶೀಲ ತಾನೇ ಮಾಡಿದ ಗಿಣಿಯನ್ನು ಅವರ ಕೈಯಿಂದ ಪಡೆದು, ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುತ್ತಿದ್ದಳು. ಬರಿದಾದ ತಟ್ಟೆ ಕೊಡುವಾಗ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಮದುವೆಯಾಗಿ ಬಂದ ಮರುವರ್ಷ ಅವಳು ಬಸುರಿ. ದಿನ ಸಂಕ್ರಾಂತಿಯ ಆಸುಪಾಸು ಎಂದು ಗೊತ್ತಾದದ್ದೇ ತಡ, ಇಡೀ ಊರು ಅವಳ ಹೊಟ್ಟೆಯನ್ನು ಪಂಚಾಂಗದ ಹಾಗೆ ನೋಡತೊಡಗಿತು. ಪವಿತ್ರ ಹುಟ್ಟಿದ್ದು ಹಬ್ಬ ಕಳೆದು ಎರಡು ದಿನಕ್ಕೆ. ಬಾಣಂತಿಯನ್ನು ನೋಡಲು ಬಂದವರೆಲ್ಲ ಲೊಚಗುಟ್ಟಿದರು. ಮಾವ ಮಂಚಯ್ಯನೂ "ಎಲ್ಡ್ ದಿನ ಮುಂಚೆ ಬರ್ಬಾರ್ದಾಗಿತ್ತಾ" ಎಂದ. ಲೊಚಗುಟ್ಟದೆ ಇದ್ದವಳು ಅತ್ತೆ ಒಬ್ಬಳೇ. ಅವಳು ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡು, "ಬಂದಾಗ ಬಂತು ಬುಡಿ" ಎಂದಳು. ಜಯಶೀಲ ಅದನ್ನು ದೊಡ್ಡ ಮನಸ್ಸೆಂದು ತಿಳಿದು ಅವತ್ತಿನಿಂದ ಅತ್ತೆಗೆ ಎದುರಾಡಿರಲಿಲ್ಲ.

ಈಗ ಪವಿತ್ರಳಿಗೆ ಐದು ವರ್ಷ. ಕಳೆದ ಹಬ್ಬದಲ್ಲಿ ಮುಚ್ಚಿದ ಬಾಗಿಲ ಸಂದಿಯಿಂದ ಬೀದಿ ನೋಡುತ್ತ, "ನಾನ್ಯಾವಾಗವ್ವ ಓಗೋದು?" ಎಂದು ಕೇಳಿದ್ದಳು. ಈ ವರ್ಷ ಜಯಶೀಲಳಿಗೆ ಉತ್ತರ ಹೊಳೆದಿತ್ತು: ಗಂಗೆ, ಕೊಟ್ಟಿಗೆಯ ಹಸು, ತುಂಬಿದ ಗಬ್ಬ. ಯಾರಿಗೂ ಹೇಳದೆ ಅವಳು ಮದುವೆ ಕಾಗದಗಳ ಮಿರುಗುವ ಅಂಚು ಕತ್ತರಿಸಿ, ಖಾಲಿ ಬೆಂಕಿಪೊಟ್ಟಣಗಳಿಗೆ ಅಂಟಿಸಿ, ಎಳ್ಳು ತುಂಬಲು ಪುಟ್ಟ ಪೆಟ್ಟಿಗೆಗಳನ್ನು ಮಾಡಿ ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ಬಚ್ಚಿಟ್ಟಳು. ವೀರಮ್ಮನ ಮನೆಯ ಒಂದು ಡಬ್ಬದಲ್ಲಿ ಪವಿತ್ರಳ ಪಾಲಿನ ಗಿಣಿಗಳನ್ನು ಬೇರೆಯಾಗಿ ಎತ್ತಿಟ್ಟಳು. ಮಗಳಿಗೂ ಕಿವಿಯಲ್ಲಿ ಹೇಳಿಬಿಟ್ಟಳು: "ಅಬ್ಬದ ದಿನ ಗಂಗೆ ಕರ ಆಕಿದ್ರೆ ನೀನೂ ಓಗ್ಬೋದು." ಆ ಮಗು ಅಂದಿನಿಂದ ದಿನಾ ಹಸುವಿನ ಕಿವಿಯಲ್ಲಿ ಏನೋ ಪಿಸುಗುಟ್ಟಿ ಬರುತ್ತಿತ್ತು.

ಹಬ್ಬ ಬಂತು. ಊರಿನಲ್ಲಿ ಯಾರೂ ಕೆಲಸ ಮುಟ್ಟದ ದಿನ ಮಂಚಯ್ಯ ಮತ್ತು ಶಿವಶಂಕರ ಎಂದಿನಂತೆ ಮುಂಜಾನೆಯೇ ಎದ್ದು ಹೊಗೆಸೊಪ್ಪು ವಿಂಗಡಿಸುವ ನೆಪದಲ್ಲಿ, ಅದನ್ನು ಹದಮಾಡುವ ಬ್ಯಾರನ್ನಿಗೆ ಹೋದರು; ಆ ರಾತ್ರಿ ಅಲ್ಲೇ ಉಳಿಯುವುದು ಅವರ ವಾಡಿಕೆ. ಗಂಡಸರಿಗೆ ತಪ್ಪಿಸಿಕೊಳ್ಳಲು ಬ್ಯಾರನ್ನಾದರೂ ಇತ್ತು. ಹೆಂಗಸರು ಬೀದಿ ಬಾಗಿಲು ಮುಂದೆ ಮಾಡಿ ಒಳಗುಳಿದರು.

ಮಧ್ಯಾಹ್ನದ ಹೊತ್ತಿಗೆ ಗಂಗೆ ಮಲಗಿ ಎದ್ದು, ಎದ್ದು ಮಲಗಿ ಒದ್ದಾಡತೊಡಗಿತು. ಅತ್ತೆ ಸೊಸೆ ಇಬ್ಬರೂ ಕೊಟ್ಟಿಗೆ ಸೇರಿದರು. ಹೆಚ್ಚು ಕಾಡದೆ, ಬಿಸಿಲಿನ್ನೂ ಹೆಂಚಿನ ಮೇಲಿರುವಾಗಲೇ, ಬಿಳಿಚುಕ್ಕೆಯ ಹೆಣ್ಣುಕರು ಹುಲ್ಲಿನ ಮೇಲೆ ಬಿತ್ತು.

"ಅತ್ತೆ, ಇವತ್ತೇ ಆಕ್ತು! ಅಬ್ಬ ಬಂತು ಕಣತ್ತೆ!" ಜಯಶೀಲ ಅಳುತ್ತ ನಗುತ್ತ ಬಾಗಿಲಿಗೆ ಓಡಿದಳು.

ಚಾಮುಂಡಮ್ಮ ಅವಳಿಗಿಂತ ಮುಂಚೆ ಬಾಗಿಲು ಎಳೆದುಕೊಂಡಳು. "ಕೂಗ್ಬ್ಯಾಡ. ನಾಳೆ ಕೇಳಿದ್ರೆ, ಬೆಳಗ್ಗೆ ಈಯ್ತು ಅನ್ನು. ಗಂಡಸ್ರಿಗೂ ಅಂಗೇ ಯೋಳು."

ಜಯಶೀಲಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಗಂಗೆ ಹಿಂದಿನ ಸಲ ಹಾಕಿದ ಕೆಂದಗರು ನೆನಪಾಯಿತು. ಆ ಸಂಕ್ರಾಂತಿಗೆ ಅವಳು ತವರಿನಲ್ಲಿದ್ದಳು. ವಾಪಸು ಬಂದಾಗ, ಹಬ್ಬದ ಮಾರನೆಯ ದಿನ ಈಯಿತು, ನಮ್ಮ ಹಣೆಬರಹ ಎಂದಿದ್ದರು.

"ಆ ಕೆಂದನೂ...?"

"ಊಂ. ಅದೂ ಅಬ್ಬದ ದಿನಾನೇ ಉಟ್ಟಿದ್ದು."

ಜಯಶೀಲಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ನನ್ ಮಗು ಬಾಗ್ಲು ಸಂದೀಲಿ ಕಣ್ಣಿಟ್ಕೊಂಡು ಕೂತಿರ್ತದೆ. ಬರಿ ತಟ್ಟೆ ಕೊಟ್ಟೂ ಕೊಟ್ಟೂ ನನ್ ಮಾನ ಓಯ್ತು. ನಿಮ್ಗೆ ಕರುಳಿಲ್ವಾ?"

"ಐತೆ. ಅದ್ಕೇಯ." ಮುದುಕಿ ಕರುವಿನ ಮೈ ಒರೆಸುವುದನ್ನು ನಿಲ್ಲಿಸಲಿಲ್ಲ.

"ನಾನು ಕೂಗ್ತೀನಿ."

"ಕೂಗವ್ವ. ನಿನ್ ಬಾಯಿ ನಾನ್ಯಾಕೆ ಮುಚ್ಚಲಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಯಶೀಲಳಿಗೆ ಸುಲಭವಾಗುತ್ತಿತ್ತು.

ಆ ಹೊತ್ತಿಗೆ ಬೀದಿ ಬಾಗಿಲಲ್ಲಿ ವೀರಮ್ಮನ ದನಿ ಕೇಳಿತು. ಜಯಶೀಲ ಸೆರಗು ಬಿಗಿದು, ನಾಲಿಗೆಯ ತುದಿಯಲ್ಲಿ ಮಾತಿಟ್ಟುಕೊಂಡು ನಡೆದಳು. ಹಿಂದಿನಿಂದ ಚಾಮುಂಡಮ್ಮನೂ ಕೈ ತೊಳೆದುಕೊಂಡು ಬಂದು ಕಂಬಕ್ಕೆ ಒರಗಿ ಕೂತಳು.

ವೀರಮ್ಮ ತಟ್ಟೆಯನ್ನು ಕೆಳಗಿಟ್ಟಳು. ಎಳ್ಳು, ಬೆಲ್ಲ, ಕೊಬ್ಬರಿ, ಕಬ್ಬಿನ ತುಂಡು, ಮೇಲೊಂದು ಗಿಣಿ. ಇಟ್ಟವಳು ಪ್ರತಿವರ್ಷ ಹೇಳುವುದನ್ನೇ ಹೇಳಿದಳು.

"ಇವತ್ತು ತಟ್ಟೆ ಇಡ್ಕೊಂಡು ಒಂಟ್ರೆ ಸಾಕು ಕಣಕ್ಕ, ಮಣಿ ನೆನಪಾಯ್ತಾಳೆ. ಅಸ್ರು ಲಂಗ. ನಕ್ಕರೆ ಒಂದೇ ಕೆನ್ನೇಲಿ ಗುಳಿ ಬೀಳ್ತಿತ್ತು."

"ಎಡಗೆನ್ನೆ," ಎಂದಳು ಚಾಮುಂಡಮ್ಮ.

"ಊಂ, ಎಡಗೆನ್ನೆ. ವೀರತ್ತೆ, ನಂಗೆ ದೊಡ್ಡ ಕಬ್ಬು ಮಡಗಿರು ಅಂತ ಮುಂಚಿನ್ ದಿನಾನೇ ಯೋಳೋಗಿದ್ಲು. ಈಗ್ಲೂ ಮಡಗ್ತೀನಿ ಕಣಕ್ಕ, ದೊಡ್ಡದೊಂದ."

ಚಾಮುಂಡಮ್ಮನ ಮುಖವನ್ನು ಜಯಶೀಲ ಆಗ ನೋಡಿದಳು. ಹಸಿದವರು ಊಟ ಕಂಡ ಮುಖ ಅದು. ಈ ಮನೆಯಲ್ಲಿ ಆ ಹುಡುಗಿಯ ಒಂದು ಫೋಟೋ ಇಲ್ಲ. ಹೆಸರೆತ್ತಿದರೆ ಮಂಚಯ್ಯ ಉಣ್ಣುವ ತಟ್ಟೆ ಬಿಟ್ಟು ಏಳುತ್ತಾನೆ. ವರ್ಷಕ್ಕೊಂದು ದಿನ, ಬಾಗಿಲು ಮುಚ್ಚಿದ ಈ ದಿನ, ತಟ್ಟೆ ತಂದವರೆಲ್ಲ ಮನೆಯ ಕತ್ತಲೆ ನೋಡಿ ರಾಜಮ್ಮಣಿಯ ಒಂದೊಂದು ಮಾತು ಆಡಿ ಹೋಗುತ್ತಾರೆ. ಇನ್ನು ಮುಂದೆ ಇಲ್ಲಿ ತೋರಣ ಕಟ್ಟಿದರೆ ಬಂದವರು ತೋರಣದ ಮಾತಾಡುತ್ತಾರೆ, ಕರುವಿನ ಮಾತಾಡುತ್ತಾರೆ, ಜಯಶೀಲಳ ಗಿಣಿಯನ್ನು ಹೊಗಳುತ್ತಾರೆ. ಜಯಶೀಲಳಿಗೆ ಅತ್ತೆಯ ಮೇಲೆ ಸಿಟ್ಟು ಇನ್ನೂ ಇತ್ತು. ಅದರ ಜೊತೆಗೇ, ಬೇಡವೆಂದರೂ, ಮರುಕ ಹುಟ್ಟಿತು.

"ಗಂಗೆ ಇನ್ನೂ ಈದಿಲ್ವಾ?" ವೀರಮ್ಮ ಆಸೆಯಿಂದ ಕೇಳಿದಳು. "ನಿನ್ ಡಬ್ಬ ಅಂಗೇ ಮಡಗಿವ್ನಿ ಕಣವ್ವ."

ಚಾಮುಂಡಮ್ಮ ತಲೆ ಎತ್ತಲಿಲ್ಲ. ತಟ್ಟೆಯ ಕಬ್ಬಿನ ತುಂಡನ್ನೇ ನೇವರಿಸುತ್ತಿದ್ದಳು.

"ಇಲ್ಲ ವೀರತ್ತೆ," ಎಂದಳು ಜಯಶೀಲ. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ನಾಳೆ ಈಯ್ಬೋದು. ಡಬ್ಬದಲ್ಲಿರೋವ್ನ ನೀವೇ ಐಕಳಿಗೆ ಅಂಚ್ಬುಡಿ."

ಹೇಳಿ ಮುಗಿಸಿರಲಿಲ್ಲ, ಹಿತ್ತಲಿನಿಂದ ಪವಿತ್ರ ಬಾಣದ ಹಾಗೆ ಓಡಿಬಂದಳು. ಲಂಗದ ಅಂಚೆಲ್ಲ ಒದ್ದೆ, ಕೂದಲಲ್ಲಿ ಹುಲ್ಲು, ಕಣ್ಣು ಹಣತೆಯಷ್ಟು ಅಗಲ.

"ಅವ್ವಾ! ಗಂಗೆ..."

ಜಯಶೀಲ ತಟ್ಟೆಯ ಗಿಣಿಯನ್ನೆತ್ತಿ ಮಗಳ ಬಾಯಿಗೆ ಇಟ್ಟಳು. ಇಡೀ ಗಿಣಿ, ಕೊಕ್ಕು ಬಾಲ ಸಮೇತ. ಮೇಲೆ ಅಂಗೈ ಮುಚ್ಚಿ ಹಿಡಿದಳು.

ವೀರಮ್ಮ ನಕ್ಕಳು. "ಆಸೆಬುರುಕಿ! ತಿನ್ನವ್ವ, ತಿಂದು ಒಳ್ಳೆ ಮಾತಾಡು." ಉಳಿದದ್ದನ್ನು ಚಾಮುಂಡಮ್ಮನ ಮಡಿಲಿಗೆ ಸುರಿದು, ಬರಿದಾದ ತಟ್ಟೆಯನ್ನು ಕಂಕುಳಿಗೆ ಇರುಕಿಕೊಂಡು ಎದ್ದಳು.

ಬಾಗಿಲು ಮುಚ್ಚಿಕೊಂಡಿತು. ಕೊಟ್ಟಿಗೆಯಲ್ಲಿ ಕರು ಸಣ್ಣಗೆ ಕೂಗಿತು. ಎರಡೂ ಕೆನ್ನೆ ಉಬ್ಬಿಸಿಕೊಂಡು ಪವಿತ್ರ ಅವ್ವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಮತ್ತೆ ಅವ್ವನನ್ನು ನೋಡಿದಳು. ಸಕ್ಕರೆ ಕರಗುವ ತನಕ ಅವಳು ಮಾತಾಡಲಿಲ್ಲ. ಕರಗಿದ ಮೇಲೂ ಮಾತಾಡಲಿಲ್ಲ.