ತೊಟ್ಟಿಲಾದ ಮಗ್ಗ

ಸ್ಕ್ರೂ ಕೀಚೆಂದಿತು, ಅರ್ಧ ಸುತ್ತು ಬಿಟ್ಟುಕೊಟ್ಟು ಮತ್ತೆ ಹಲ್ಲು ಕಚ್ಚಿ ನಿಂತಿತು, ಬಿಗಿಯುವುದೆಂದರೆ ಗಂಡನದೇ ಕೈ, ಡಬ್ಬಿಯ ಮುಚ್ಚಳವಾಗಲಿ ನಲ್ಲಿಯಾಗಲಿ ಅವನು ಬಿಗಿದದ್ದನ್ನು ಅವನೇ ಬಂದು ಬಿಚ್ಚಬೇಕು, ಇದೊಂದನ್ನು ಬಿಟ್ಟು, ಇದನ್ನು ಇವತ್ತು ಅವಳೇ ಬಿಚ್ಚುತ್ತಾಳೆ, ಅವನು ಟೆಂಪೋದಲ್ಲಿ ತಂಗಿಯನ್ನು ಕೂರಿಸಿಕೊಂಡು ಬರುವುದರೊಳಗೆ ಈ ತೊಟ್ಟಿಲು ತೊಟ್ಟಿಲಾಗಿ ಉಳಿದಿರಬಾರದು — ಅಂಗೈ ಉರಿಯುತ್ತಿದೆ, ಉರಿಯಲಿ, ಕನ್ನಡಕದಂಗಡಿಯಲ್ಲಿ ದಿನವಿಡೀ ಸಾಸಿವೆಕಾಳಿನಷ್ಟು ಸ್ಕ್ರೂಗಳನ್ನು ಕೂರಿಸುವ ಬೆರಳುಗಳಿಗೆ ಇದು ಆನೆ, ಆದರೂ ಸ್ಕ್ರೂ ಸ್ಕ್ರೂವೇ, ಎಡಕ್ಕೆ ತಿರುಗಲೇಬೇಕು. ಕೆಳಗೆ ಮಗು, ಬರುವ ತಿಂಗಳು ವರ್ಷ ತುಂಬುವ ಇಲಿಮರಿ, ಮಂಚದ ಕಾಲು ಹಿಡಿದು ಎದ್ದು ನಿಂತು, ಮೊಳಕಾಲು ಕುಲುಕಿಸಿ, ಧೊಪ್ಪನೆ ಕೂತು, ಮತ್ತೆ ಎದ್ದು, ಜೊಲ್ಲನ್ನು ಗಲ್ಲದಿಂದ ಹೊಟ್ಟೆಗೆ ಇಳಿಸಿಕೊಂಡು ತಾಯಿಯ ಕೆಲಸದ ಮೇಲೆ ಮೇಸ್ತ್ರಿಯ ಹಾಗೆ ಕಣ್ಣಿಟ್ಟಿದೆ. ಬೆಳಿಗ್ಗೆ ಗಡ್ಡ ಬೋಳಿಸುತ್ತಾ ಹೇಳಿದ, ಕನ್ನಡಿಗೆ ಹೇಳಿದ, ಅವಳಿಗಲ್ಲ, ತೊಟ್ಟಿಲು ತಂಗಿಗೆ ಕೊಡ್ತೀನಿ ಅಂದಿದೀನಿ, ಮಧ್ಯಾಹ್ನ ಅವಳನ್ನೇ ಕರ್ಕೊಂಡು ಬರ್ತೀನಿ, ಅವಳಿಗೂ ದಿನ ಹತ್ರ ಬಂತಲ್ಲ. ಮತ್ತೆ ನನ್ನ ಮಗ್ಗ? ನೊರೆಯೊಳಗಿಂದ ಒಂದು ನಗು, ಅಯ್ಯೋ, ಅದು ಇನ್ನೂ ನೆನಪಿದ್ಯಾ ನಿಂಗೆ.

ನೆನಪಿದ್ಯಾ ಅಂತೆ, ಮೈಯಲ್ಲಿರುವ ಮೂಳೆ ನೆನಪಿದೆಯಾ ಎಂದು ಯಾರಾದರೂ ಕೇಳುತ್ತಾರೆಯೇ, ಹಳೇ ಬಾಗಿಲು ಕಿಟಕಿ ಮಾರುವ ಗುಜರಿಯಿಂದ ಒಂದೊಂದೇ ತುಂಡು ಆರಿಸಿ, ಬಸ್ಸಿನಲ್ಲಿ ಬೈಸಿಕೊಂಡು ಹೊತ್ತು ತಂದು, ಮದುವೆಗೆ ಮುಂಚಿನ ಬಾಡಿಗೆ ಕೋಣೆಯಲ್ಲಿ ಅವಳೇ ಉಜ್ಜಿ ಅವಳೇ ಜೋಡಿಸಿದ ಮಗ್ಗ, ಒಂದು ಇಡೀ ಬೇಸಿಗೆ ಹೋಗಿತ್ತು ಆ ದಿಂಡೊಂದಕ್ಕೇ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಉದ್ದನೆಯ ದುಂಡು ದಿಂಡು, ಉದ್ದಕ್ಕೆ ಹೂಡಿದ ಹಾಸಿನ ನೂಲೆಲ್ಲ ಒಟ್ಟಿಗೆ ಎಳೆದರೂ ಕೂದಲೆಳೆಯಷ್ಟು ಬಾಗಬಾರದು, ಬಾಗುತ್ತಿರಲಿಲ್ಲ. ಹೆರಿಗೆಗೆ ಮುಂಚೆ ರಕ್ತದೊತ್ತಡ ಏರಿ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಾಗ ಆ ಮಗ್ಗದ ಮೇಲೆ ಅರ್ಧ ನೇಯ್ದ ನೀಲಿ ಹೊದಿಕೆ ಇತ್ತು, ಹುಟ್ಟುವ ಮಗುವಿಗೆಂದೇ ಹಾಸು ಹೂಡಿದ್ದು, ಮಲಗಿದಲ್ಲೇ ಕಾಲ್ಬೆರಳಿನಿಂದ ಗಾಳಿಯಲ್ಲಿ ಮಗ್ಗದ ಮೆಟ್ಟು ತುಳಿಯುತ್ತಿದ್ದಳು, ನರ್ಸಮ್ಮ, ಕಾಲು ಸೆಳೆತಾನಾ, ಎಂದು ಎಣ್ಣೆ ತಿಕ್ಕಿದ್ದಳು. ಮಗುವಿನೊಂದಿಗೆ ಮನೆಗೆ ಬಂದರೆ ಹೊಸ್ತಿಲಲ್ಲಿ ಅತ್ತೆ, ನಾದಿನಿ, ಎದುರು ಮನೆಯ ಟೀಚರು, ಎಲ್ಲರ ಬಾಯಲ್ಲೂ ಏನೋ ಗುಟ್ಟು, ಒಳಗೆ ಸುತ್ತ ಮರದ ಕಂಬಿಯ ಕಟಾಂಜನವಿರುವ ತೊಟ್ಟಿಲು, ವಾರ್ನಿಷ್ ಹೊಳೆಯುತ್ತಿದೆ, ಪಕ್ಕದಲ್ಲಿ ಇವನು ಕೈ ಕಟ್ಟಿಕೊಂಡು, ಹೆತ್ತವನು ತಾನೇ ಎಂಬಂತೆ. ಅವಳು ಮೊದಲು ನೋಡಿದ್ದು ಹಾಸಿಗೆಯನ್ನು, ನೀಲಿ, ಕತ್ತರಿಯಿಂದ ಕತ್ತರಿಸಿದ ಹಾಸಿನ ನೂಲು ಅಂಚಿನಲ್ಲಿ ಗಡ್ಡದ ಹಾಗೆ ಜೋತುಬಿದ್ದಿತ್ತು, ಆಮೇಲೆ ಮರವನ್ನು, ಅವಳ ಮಗ್ಗದ ಮರವನ್ನು. ನಿನ್ನ ಪುಣ್ಯ ಕಣೇ, ಇಂಥ ಕೈ ಇರೋ ಗಂಡ ಯಾರಿಗೆ ಸಿಗ್ತಾನೆ, ಅಂದಳು ಟೀಚರು, ಮತ್ತು ಅವಳು ನಕ್ಕಳು, ಹೊಲಿಗೆಯೂ ಮಾಗದ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕ ಫೋಟೋ ಇದೆ. ರಾತ್ರಿ ಕೇಳಿದ್ದಕ್ಕೆ ಇವನು ಅವಳ ತಲೆ ಸವರಿದ, ಯಾಕೆ ಅಳ್ತೀಯ, ಏನೂ ಕೊಯ್ದಿಲ್ಲ ಕಣೇ, ಒಂದು ಮೊಳೆ ಹೊಡೆದಿಲ್ಲ, ಬರೀ ಸ್ಕ್ರೂ, ಮಗು ನಡೆದ ದಿನ ಬಿಚ್ಚಿ ಜೋಡಿಸಿಕೊಟ್ರೆ ನಿನ್ನ ಮಗ್ಗ ನಿಂಗೆ.

ಮಗು ನಡೆದ ದಿನ, ಆ ಮಾತಿನ ಬಾಲ ಹಿಡಿದುಕೊಂಡೇ ಅವಳು ಈ ವರ್ಷ ದಾಟಿದ್ದು, ಬೆಳಿಗ್ಗೆ ಸಂಜೆ ಮಗುವಿನ ಎರಡೂ ಕೈ ಹಿಡಿದು ಬೆನ್ನು ಬಗ್ಗಿಸಿ ಅಡುಗೆಮನೆಯಿಂದ ಬಾಗಿಲವರೆಗೆ ನಡೆಸಿದ್ದು, ಎಂಥ ತಾಯಿ ಎಂದರು ನೋಡಿದವರು, ಅನ್ನಲಿ, ಅವಳು ನಡೆಸುತ್ತಿದ್ದದ್ದು ಮಗ್ಗವನ್ನು. ಇವನೋ, ಹಿಂದಿನ ಕೋಣೆಯಲ್ಲಿ ಗಿಟಾರು ಮಾಡುತ್ತಾನೆ, ನುಡಿಸಲು ಬರುವುದಿಲ್ಲ, ಮಾಡಲು ಮಾತ್ರ, ಮಗು ಉಚ್ಚೆಯಲ್ಲಿ ಬಿದ್ದು ಅರಚಿದರೆ ಒಳಗಿನಿಂದ ದನಿ, ಅಂಟು ಒಣಗ್ತಿದೆ, ಈಗ ಕೈ ಬಿಡೋಕಾಗಲ್ಲ, ಯಾವ ಹೊತ್ತಿಗೆ ಕೇಳಿದರೂ ಜಗತ್ತಿನಲ್ಲಿ ಒಣಗದ ಅಂಟು ಅದೊಂದೇ. ಆದರೆ ಫೋನು ಮಾತ್ರ ಚಾರ್ಜಾಗಿರಬೇಕು, ಮೊದಲ ಹೆಜ್ಜೆಯ ವಿಡಿಯೋ ತಾನೇ ತೆಗೆಯಬೇಕು, ತಾನಿಲ್ಲದಾಗ ನಡೆಸಬೇಡ ಎಂದು ಅವಳಿಗೆ ತಾಕೀತು, ಮಗುವೇನು ಸಮಯ ಕೇಳಿಕೊಂಡು ನಡೆಯುವ ಗುಮಾಸ್ತನೇ — ಬಂತು, ಕೊನೆಯ ಸ್ಕ್ರೂ ಬಂತು. ಬಾಗಿಲಲ್ಲಿ ಅತ್ತೆ ಯಾವಾಗ ಬಂದು ನಿಂತರೋ, ನಿದ್ದೆಯ ಸೆರಗು, ಏನ್ ಮಾಡ್ತಿದೀಯೇ, ಬಿಚ್ತಿದೀನಿ, ಅವನು ಬರಲಿ ಬಿಡು, ಅವನು ಬಂದ್ರೆ ಬಿಚ್ಚಲ್ಲ ಅತ್ತೆ, ಹೊತ್ಕೊಂಡು ಹೋಗ್ತಾನೆ. ಅತ್ತೆ ತೊಟ್ಟಿಲು ನೋಡಿದರು, ಸೊಸೆಯನ್ನು ನೋಡಿದರು, ಒಳಗೆ ಹೋಗಿ ಒಂದು ಬಟ್ಟಲು ತಂದು ಕೊಟ್ಟರು, ಸ್ಕ್ರೂ ಇದ್ರೊಳಗೆ ಹಾಕು, ಮಗು ಬಾಯಿಗೆ ಹಾಕ್ಕೊಳ್ಳುತ್ತೆ, ಎಂದು ಹೋಗಿ ಮತ್ತೆ ಮಲಗಿದರು. ಅವಳು ಮೇಲಿನ ಅಡ್ಡಪಟ್ಟಿಯನ್ನು, ಅವಳ ದಿಂಡನ್ನು, ಮಗು ಹಿಡಿದು ನಿಂತು ಕಚ್ಚಿ ಕಚ್ಚಿ ಹಲ್ಲಿನ ಗುರುತು ಮೂಡಿಸಿದ ದಿಂಡನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು, ತೊಟ್ಟಿಲ ಕಾಲಿನ ಗೂಡಿನೊಳಗಿಂದ ತುದಿ ಹೊರಬಂತು, ಕಂದು ವಾರ್ನಿಷ್ಷು ಮುಗಿದಲ್ಲಿ ಬೆಳ್ಳಗೆ ದುಂಡನೆಯ ಮುಖ, ಗರಗಸದ ಗೀರು, ಅಂಚಿನಲ್ಲಿ ಪೆನ್ಸಿಲ್ ಗೆರೆ.

ಕೊಯ್ದಿದ್ದಾನೆ. ಇನ್ನೊಂದು ತುದಿಯನ್ನೂ ಎಳೆದಳು, ಬಿಳಿ ಮುಖ, ಗೆರೆ. ಎರಡು ಗೇಣು ಹೋಗಿದೆ, ಮಗ್ಗದ ಚೌಕಟ್ಟಿನಲ್ಲಿ ಕೂತು ತಿರುಗುವ ಗೂಟವೇ ಇಲ್ಲ, ತುಂಡು ಸೇರಿಸಿದರೆ ಹಾಸು ಬಿಗಿದ ದಿನವೇ ಮುರಿಯುತ್ತದೆ, ಇದು ಇನ್ನು ಮಗ್ಗವಲ್ಲ, ಇನ್ನೆಂದೂ ಅಲ್ಲ, ಈ ವರ್ಷವಿಡೀ ಅವಳು ದಿನಕ್ಕೆ ಹತ್ತು ಸಲ ಮುಟ್ಟಿದ ಮರದ ಒಳಗೆ ಈ ಬಿಳಿ ಮುಖ ಕೂತಿತ್ತು, ಅವನಿಗೆ ಗೊತ್ತಿತ್ತು, ತಲೆ ಸವರುವಾಗ ಗೊತ್ತಿತ್ತು. ಸಿಟ್ಟಿನಲ್ಲೋ ಅವಸರದಲ್ಲೋ ಕೊಯ್ದಿದ್ದರೆ ಗರಗಸ ಆಚೀಚೆ ಓಡಿರುತ್ತಿತ್ತು, ಇಲ್ಲ, ಅಳೆದಿದ್ದಾನೆ, ಗೆರೆ ಎಳೆದಿದ್ದಾನೆ, ಗೆರೆಯನ್ನು ಅರ್ಧ ಉಳಿಸಿ ಅದರ ಮಗ್ಗುಲಲ್ಲೇ ಅಚ್ಚುಕಟ್ಟಾಗಿ ಕೊಯ್ದಿದ್ದಾನೆ. ಹಿಂದಿನ ಕೋಣೆಗೆ ಯಾವಾಗ ಬಂದಳೋ, ಗರಗಸ ಕೈಯಲ್ಲಿದೆ, ಮರದ ಹೊಟ್ಟು, ಅಂಟಿನ ಹುಳಿ ವಾಸನೆ, ಬೆಂಚಿನ ಮೇಲೆ ಗಿಟಾರು ಬೆನ್ನಡಿಯಾಗಿ ಮಲಗಿದೆ, ನುಣ್ಣನೆಯ ಕತ್ತು, ಎಷ್ಟು ಸವರಿದ್ದಾನೋ, ಪೆನ್ಸಿಲು ಅಲ್ಲೇ ಇತ್ತು, ಅಳೆದಳು, ಗೆರೆ ಎಳೆದಳು, ಕೆಲಸ ಮಾಡಿದರೆ ಹೀಗೇ ಮಾಡಬೇಕು, ಗರಗಸವನ್ನು ಗೆರೆಯ ಮಗ್ಗುಲಿಗಿಟ್ಟು ಒಂದೇ ಒಂದು ಎಳೆತ, ಬಿಳಿ ಪುಡಿ ಉದುರಿತು, ಎಂಥ ಸುಖ, ಇನ್ನೊಂದು ಎಳೆಯಬೇಕು — ಬಾಗಿಲ ಬಳಿ ಏನೋ ಅಲುಗಿತು. ಇಲಿಮರಿ ನಿಂತಿದೆ, ಏನನ್ನೂ ಹಿಡಿದಿಲ್ಲ, ಕೈಗಳು ಗಾಳಿಯಲ್ಲಿ, ಇಲ್ಲಿಯವರೆಗೆ ಹೇಗೆ ಬಂತು, ಬಾಯಿ ತೆರೆದಿದೆ, ಎತ್ತಿತು, ಒಂದು ಕಾಲು ಎತ್ತಿ ಇಟ್ಟಿತು, ಇನ್ನೊಂದು, ಕುಡುಕನ ಹಾಗೆ ಬಲಕ್ಕೆ ವಾಲಿ, ಸರಿಮಾಡಿಕೊಂಡು, ಮತ್ತೊಂದು, ನೇರ ಅವಳ ಕಡೆಗೆ, ಗರಗಸದ ಕಡೆಗೆ, ಅವಳು ಗರಗಸ ಬಿಸಾಡಿ ಮಂಡಿಯೂರುವಷ್ಟರಲ್ಲಿ ಎದೆಗೆ ಬಂದು ಡಿಕ್ಕಿ ಹೊಡೆದು ನಕ್ಕಿತು. ಯಾರೂ ನೋಡಲಿಲ್ಲ, ಅತ್ತೆಯ ಗೊರಕೆ, ಖಾಲಿ ಪಡಸಾಲೆ, ಮಗುವಿನ ನೆತ್ತಿಯ ಬಿಸಿ ಅವಳ ಗಲ್ಲಕ್ಕೆ, ಮತ್ತು ಅವಳ ಕಣ್ಣು ಗಿಟಾರಿನ ಮೇಲೆ ಹೋಗಿ ಬಂತು, ಥೂ, ಇದೇನು ಮಹಾ, ಕೊಯ್ದರೆ ಇನ್ನೊಂದು ಮಾಡುತ್ತಾನೆ, ಮರ ಸಿಗುತ್ತದೆ, ಅಂಟು ಸಿಗುತ್ತದೆ, ಸಿಗದೇ ಇರುವಂಥದ್ದು ಈಗ ತಾನೇ ಅವಳ ತೆಕ್ಕೆಗೆ ನಡೆದು ಬಂದಿದೆ. ಗಿಟಾರಿನ ಪುಡಿಯನ್ನು ಉಫ್ ಎಂದು ಊದಿದಳು, ಗೀರಿಗೆ ಉಗುಳು ಸವರಿದಳು.

ಟೆಂಪೋ ಹಿಂದಕ್ಕೆ ಸರಿಯುವ ಸದ್ದು, ಮೆಟ್ಟಿಲಲ್ಲಿ ನಾದಿನಿಯ ಏದುಸಿರು, ನಿಧಾನ ಕಣೇ, ನಿಧಾನ, ಎನ್ನುವ ಇವನ ಅಕ್ಕರೆ. ಅವಳು ಮಗುವನ್ನು ಸೊಂಟಕ್ಕೇರಿಸಿ, ದಿಂಡನ್ನು ಎತ್ತಿಕೊಂಡು ನಿಂತಿದ್ದಳು. ಬಿಚ್ಚಿದ ತೊಟ್ಟಿಲು ನೋಡಿ ಇವನ ಮುಖದ ಬಣ್ಣ ಒಂದು ಗಳಿಗೆ ಇಳಿಯಿತು, ಕಣ್ಣು ದಿಂಡಿನ ತುದಿಗೆ ಹೋಯಿತು, ಅಲ್ಲಿಂದ ಅವಳ ಮುಖಕ್ಕೆ, ಅವಳ ಮುಖದಲ್ಲಿ ಏನೂ ಇರಲಿಲ್ಲ, ಸಾಗಿಸೋಕೆ ಸುಲಭ ಆಗ್ಲಿ ಅಂತ ಬಿಚ್ಚಿದೆ, ಅಂದಳು, ತಗೊಂಡ್ಹೋಗಿ. ಅಬ್ಬ ಎಂದು ಉಸಿರು ಬಿಟ್ಟ, ನೋಡಿದ್ಯಾ ನಿಮ್ಮತ್ತಿಗೆ ಎಷ್ಟು ಒಳ್ಳೆಯವಳು, ಅಂದ ತಂಗಿಗೆ, ಮಗುವಿನ ಕೆನ್ನೆ ಹಿಂಡಿ ದಿನಾ ಬಾಗಿಲಲ್ಲಿ ಕೇಳುವುದನ್ನೇ ಕೇಳಿದ, ಕಿಸೆಯ ಫೋನಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದ, ನಡೀತಾ ನಮ್ಮ ಇಲಿಮರಿ?

ಇನ್ನೂ ಇಲ್ಲ, ಅಂದಳು, ನಾಳೆಯೋ ನಾಡಿದ್ದೋ ಅವನೆದುರು ನಡೆಯುತ್ತದೆ, ಅವನು ಕುಣಿಯುತ್ತಾನೆ, ಮೊದಲ ಹೆಜ್ಜೆ ಎಂದು ಊರಿಗೆಲ್ಲ ತೋರಿಸುತ್ತಾನೆ, ಮಗಳ ಮದುವೆಯವರೆಗೂ ತೋರಿಸುತ್ತಾನೆ, ಅವಳು ಪಕ್ಕದಲ್ಲಿ ನಿಂತು ಹೌದು ಹೌದು ಎನ್ನುತ್ತಾಳೆ, ಅವನ ತಲೆ ಸವರುತ್ತಾಳೆ — ಮಗು ಇಳಿಸೆಂದು ಕಾಲು ಒದೆಯುತ್ತಿತ್ತು, ಅವಳು ಬಿಗಿಯಾಗಿ ಹಿಡಿದುಕೊಂಡಳು, ಇವನು ದಿಂಡಿನ ಆ ತುದಿ ಎತ್ತಿದ, ಈ ತುದಿ ಇನ್ನೂ ಅವಳ ಕೈಯಲ್ಲೇ, ಬೆಳ್ಳಗೆ, ದುಂಡಗೆ, ಗರಗಸದ ಗೀರು, ಅಂಚಿನಲ್ಲಿ ಗೆರೆ, ಅರ್ಧ ಉಳಿಸಿದ ಗೆರೆ, ಗೆರೆ