ಮಸೆದು ಹಿಂದಿರುಗಿಸಿದ ಕೊಡಲಿ

ತೌನೊನ ಎಡಗೈಯ ಮೂರು ಬೆರಳು ಹೋದದ್ದು ಅವನೇ ಮಸೆದ ಕೊಡಲಿಗೆ. ಕೊಡಲಿ ಅವನದಲ್ಲ, ತಂಗಿ ಐಲಿಯ ಮನೆಯದು. ಎರವಲು ಬಂದ ಸಾಮಾನನ್ನು ಬಂದದ್ದಕ್ಕಿಂತ ಚೆನ್ನಾಗಿ ಮಾಡಿ ಹಿಂದಿರುಗಿಸಬೇಕೆಂಬ ಊರಿನ ಕಟ್ಟಳೆಯನ್ನು ಅವನಷ್ಟು ಅಚ್ಚುಕಟ್ಟಾಗಿ ಪಾಲಿಸುವವರು ಹಾಪಾನಿಯೆಮಿಯಲ್ಲಿ ಇನ್ನೊಬ್ಬರಿರಲಿಲ್ಲ. ಆ ಅಚ್ಚುಕಟ್ಟುತನಕ್ಕಿಷ್ಟು ಬೆಂಕಿ ಬೀಳಲಿ.

ಸರೋವರದ ದಂಡೆಗೆ ಅಂಟಿಕೊಂಡ ನಲವತ್ತು ಮನೆಯ ಊರು ಅದು. ಎಲ್ಲ ಸಲಕರಣೆಯೂ ಇರುವ ಮನೆ ಒಂದೂ ಇಲ್ಲ. ಒಬ್ಬರಲ್ಲಿ ನೀರೆತ್ತುವ ಪಂಪು, ಇನ್ನೊಬ್ಬರಲ್ಲಿ ಉದ್ದನೆಯ ಏಣಿ, ಮತ್ತೊಬ್ಬರಲ್ಲಿ ಹಂದಿ ತೂಗುವ ತಕ್ಕಡಿ. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಯಾಕೆ, ಎಷ್ಟು ದಿನಕ್ಕೆ ಎಂದು ಕೇಳುವ ಹಾಗೂ ಇಲ್ಲ. ಹಾಗೆ ಕೇಳುವುದೆಂದರೆ ಇನ್ನೊಬ್ಬರ ಜೇಬಿಗೆ ಕೈ ಹಾಕಿದಷ್ಟೇ ಅಸಹ್ಯ. ತೆಗೆದುಕೊಂಡವರು ಶನಿವಾರ ಸಂಜೆ ಸೌನಾದ, ಅಂದರೆ ಕಲ್ಲು ಕಾಯಿಸಿ ಬೆವರಿ ಮೀಯುವ ಮರದ ಕೋಣೆಯ, ಒಲೆಗೆ ಬೆಂಕಿ ಇಡುವುದರೊಳಗೆ ಅದನ್ನು ಮರಳಿಸಬೇಕು. ಅಲಗಿದ್ದರೆ ಮಸೆದಿರಬೇಕು, ಎಂಜಿನ್ನಿದ್ದರೆ ಎಣ್ಣೆ ತುಂಬಿರಬೇಕು. ಶನಿವಾರ ದಾಟಿಸಿದವನನ್ನು ಕಳ್ಳನಿಗಿಂತ ಕಡೆಯಾಗಿ ನೋಡುತ್ತಿದ್ದರು.

ತೌನೊ ದೋಣಿ ಕಟ್ಟುವವನು. ಐವತ್ತೆಂಟು ವರ್ಷ, ಮದುವೆಯಾಗಿರಲಿಲ್ಲ. ಅವನ ಕೆಲಸದ ಕೊಟ್ಟಿಗೆಯ ಗೋಡೆಯ ಮೇಲೆ ಒಂದೊಂದು ಉಪಕರಣಕ್ಕೂ ಒಂದೊಂದು ಮೊಳೆ, ಮೊಳೆಯ ಕೆಳಗೆ ಆ ಉಪಕರಣದ ಆಕಾರವನ್ನೇ ಕಪ್ಪು ಬಣ್ಣದಲ್ಲಿ ಬರೆದಿಟ್ಟಿದ್ದ. ಗರಗಸವನ್ನು ಯಾರಾದರೂ ಒಯ್ದರೆ ಗೋಡೆಯ ಮೇಲೆ ಗರಗಸದ ಕಪ್ಪು ನೆರಳು ಉಳಿಯುತ್ತಿತ್ತು. ಬೇರೆಯವರ ಸಾಮಾನು ಅಲ್ಲಿಗೆ ಬಂದರೆ ಅದಕ್ಕೆ ನೆರಳಿಲ್ಲ, ಜಾಗವಿಲ್ಲ. ಅದು ಹೋಗುವ ತನಕ ತೌನೊನಿಗೆ ಮೈಯೆಲ್ಲ ಕೆರೆತ.

ತಂಗಿ ಐಲಿ ಅರ್ಧ ಮೈಲಿ ಆಚೆ, ಬರ್ಚ್ ಮರಗಳ ತಿರುವು ದಾಟಿದರೆ ಸಿಗುವ ಮನೆಯಲ್ಲಿದ್ದಳು. ಗಂಡ ಎಸ್ಕೊ ಕಾಡಿನಲ್ಲಿ ಮರ ಕಡಿಯುವವನು. ಬೇಟೆಗೆ ಹೋಗುವವನಲ್ಲ, ಮನೆಯಲ್ಲಿ ಬಂದೂಕೂ ಇರಲಿಲ್ಲ. ಅವನ ಕೈಯೇ ಸಾಕಾಗಿತ್ತು. ಮದುವೆಯ ಎರಡನೇ ವರ್ಷ ಐಲಿಯ ಎರಡು ಹಲ್ಲು ಹೋದವು. ಆರನೇ ವರ್ಷ ಪಕ್ಕೆಲುಬು ಮುರಿಯಿತು. ಒಂದು ಈಸ್ಟರಿನಲ್ಲಿ ಅವಳ ಕೂದಲು ಹಿಡಿದು ಬಾವಿಯ ಕಟ್ಟೆಗೆ ಗುದ್ದಿದ್ದನ್ನು ಅಂಚೆಯವಳು ಕಣ್ಣಾರೆ ಕಂಡಳು, ಕಾಗದವನ್ನು ಬೇಲಿಗೆ ಸಿಕ್ಕಿಸಿ ಸೈಕಲ್ ತಿರುಗಿಸಿದಳು. ತೌನೊ ಒಮ್ಮೆ, ಒಂದೇ ಒಂದು ಸಲ, ಮುಖಕ್ಕೆ ಏನಾಯಿತು ಎಂದು ಕೇಳಿದ್ದ. ಸೌನಾದ ಮೆಟ್ಟಿಲಲ್ಲಿ ಜಾರಿದೆ ಎಂದಳು. ಅವನು ಮರುದಿನವೇ ಹೋಗಿ ಆ ಮೆಟ್ಟಿಲಿಗೆ ಒರಟು ಹಲಗೆ ಹೊಡೆದು ಬಂದ. ಕೈಯಲ್ಲಿ ಅಷ್ಟು ಬುದ್ಧಿ, ತಲೆಯಲ್ಲಿ ಇಷ್ಟೇ.

ಆ ವರ್ಷದ ಅಕ್ಟೋಬರಿನಲ್ಲಿ ಮರ ಕಡಿಯುವ ಗುಂಪಿನಿಂದ ಎಸ್ಕೊನನ್ನು ಕೈಬಿಟ್ಟರು. ಅವನು ಬೆಳಗಿನಿಂದಲೇ ಕುಡಿಯಲು ಶುರುಮಾಡಿದ. ಒಂದು ಭಾನುವಾರ ಊಟದ ಮೇಜಿನ ಮೇಲೆ ಕೊಡಲಿ ಇಟ್ಟುಕೊಂಡು, ಯಾವತ್ತು ಅಂತ ಹೇಳಲ್ಲ ಕಣೆ, ಒಂದು ದಿನ ಅಷ್ಟೆ, ಎಂದು ನಗುತ್ತ ಹೇಳಿದನಂತೆ. ಇದನ್ನು ಐಲಿ ಆಮೇಲೆ ನ್ಯಾಯಾಲಯದಲ್ಲಿ ಹೇಳಿದಳು. ಆಗ ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಆ ಊರಲ್ಲಿ ಮಾತಿರಲಿಲ್ಲ. ಎರವಲು ಕೊಡುವ ಪದ್ಧತಿ ಒಂದಿತ್ತು, ಅದನ್ನೇ ಹಿಡಿದುಕೊಂಡಳು.

ಸೋಮವಾರ ಹಂದಿ ಕೊಯ್ಯುವ ಚೂರಿ ತಂದುಕೊಟ್ಟಳು. ನಿನಗೆ ಬೇಕಾದೀತು ಎಂದಳು. ತೌನೊ ಹಂದಿ ಸಾಕಿದವನೇ ಅಲ್ಲ. ಮಂಗಳವಾರ ಗೂಟ ಹೊಡೆಯುವ ದೊಡ್ಡ ಸುತ್ತಿಗೆ. ಬುಧವಾರ ಹಾರೆ, ಜೊತೆಗೆ ಹಗ್ಗದ ಒಂದು ಸುರುಳಿ. ಅವೆಲ್ಲ ಗೋಡೆಗೊರಗಿ ನೆರಳಿಲ್ಲದೆ ನಿಂತವು. ತೌನೊ ಅವುಗಳ ಪಕ್ಕದಲ್ಲಿ ಓಡಾಡುವಾಗಲೆಲ್ಲ ಸಿಡಿಮಿಡಿಗೊಂಡ. ಗುರುವಾರ ಅವಳು ಕೋಟಿನೊಳಗೆ ಅಡಗಿಸಿಕೊಂಡು ಕೊಡಲಿ ತಂದಳು.

"ಅಣ್ಣ, ಇದು ಸ್ವಲ್ಪ ದಿನ ನಿನ್ ಹತ್ರಾನೇ ಇರ್ಲಿ."

"ನನ್ ಹತ್ರ ಎರಡಿದಾವಲ್ಲೆ."

"ಮೂರನೇದು ಇರ್ಲಿ ಬಿಡು. ನಮ್ಮನೇಲಿ ಈಗ ಏನೂ ಕೆಲ್ಸ ಇಲ್ಲ."

"ಚಳಿಗಾಲ ಬಂತು. ಸೌದೆ?"

"ಒಡೆದಾಗಿದೆ."

ಒಡೆದಾಗಿರಲಿಲ್ಲ. ಹಿಂದಿನ ದಿನವೇ ಬಲೆ ಎತ್ತಲು ಹೋಗಿದ್ದಾಗ ಅವರ ಸೌದೆಮನೆ ಅರ್ಧ ಖಾಲಿಯಿರುವುದನ್ನು ತೌನೊ ದೋಣಿಯಿಂದ ನೋಡಿದ್ದ. ಐಲಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ಹೋಗದೆ ನಿಂತಳು. ಅವನು ಕಾಫಿ ಬಸಿದು ಲೋಟ ಮುಂದಿಟ್ಟ. ಬೇಡ ಎಂದಳು. ಹಾಪಾನಿಯೆಮಿಯಲ್ಲಿ ಸಾಯುವವರೂ ಕಾಫಿ ಬೇಡ ಅನ್ನುವುದಿಲ್ಲ. ಅದನ್ನೂ ಅವನು ನೋಡಿದ, ನೋಡಿ ಲೋಟವನ್ನು ತಾನೇ ಕುಡಿದ. ಕೇಳು ಅಣ್ಣ, ಒಂದು ಮಾತು ಕೇಳು ಎಂದು ಅವಳು ಮೈಯೆಲ್ಲ ಬಾಯಾಗಿ ನಿಂತಿದ್ದಳು. ಆ ಹೆಡ್ಡ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದವನೇ ಸಾಣೆಕಲ್ಲಿಗೆ ನೀರು ಹಾಕಿದ. ಚೂರಿಯನ್ನು ಮಸೆದ. ಸುತ್ತಿಗೆಯ ಕಾವು ಅಲುಗುತ್ತಿತ್ತು, ಬೆಣೆ ಹೊಡೆದು ಬಿಗಿ ಮಾಡಿದ. ಕೊಡಲಿಯ ಬಾಯಿ ಮೊಂಡಾಗಿತ್ತು, ಅದಕ್ಕೆ ಎರಡು ಗಂಟೆ ಹಿಡಿಯಿತು. ಮೊದಲು ಒರಟು ಕಲ್ಲು, ಆಮೇಲೆ ನುಣುಪು ಕಲ್ಲು, ಕೊನೆಗೆ ಚರ್ಮದ ಪಟ್ಟಿ. ಮುಂಗೈಯ ಕೂದಲ ಮೇಲೆ ಆಡಿಸಿ ನೋಡಿದ. ಕೂದಲು ಸದ್ದಿಲ್ಲದೆ ಉದುರಿತು. ಮನಸ್ಸಿಗೆ ಹಾಯೆನಿಸಿತು. ಎಲ್ಲವನ್ನೂ ಕೈಗಾಡಿಗೆ ಹೇರಿಕೊಂಡು ಮಧ್ಯಾಹ್ನ ಮೂರರ ಹೊತ್ತಿಗೆ ಹೊರಟ.

ಎಸ್ಕೊ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣು ಕೆಂಪಾಗಿತ್ತು. ಅಂಗಳದಲ್ಲಿ ಪೆಟ್ಟಿಗೆ, ಡಬ್ಬ, ಹಾಸಿಗೆ ಎಲ್ಲ ಚೆಲ್ಲಾಡಿದ್ದವು.

"ಓಹೋ, ಇವೆಲ್ಲ ನಿನ್ ಹತ್ರ ಇದ್ವಾ ಭಾವ," ಎಂದ. "ನಾನು ಮೂರು ದಿನದಿಂದ ಮನೆ ತಲೆಕೆಳಗು ಮಾಡ್ತಿದೀನಿ. ನಿನ್ ತಂಗೀನ ಕೇಳಿದ್ರೆ ಗೊತ್ತಿಲ್ಲ ಅಂತಾಳೆ."

"ಎರವಲು ತಂದ್ಕೊಟ್ಟಿದ್ಲು. ಶನಿವಾರ ಅಲ್ವ, ಅದಕ್ಕೇ ತಂದೆ."

ಎಸ್ಕೊ ಕೊಡಲಿ ಎತ್ತಿ ಹೆಬ್ಬೆರಳಿನಿಂದ ಬಾಯಿ ಸವರಿದ. "ಏನ್ ಮಸ್ದಿದೀಯ ಭಾವ. ಗಡ್ಡ ಬೋಳಿಸ್ಬೋದು ಇದ್ರಲ್ಲಿ."

ತೌನೊ ಆ ಹೊಗಳಿಕೆಗೆ ಹಿಗ್ಗಿದ. ಹೌದು, ಹಿಗ್ಗಿದ. ತಲೆಯೆತ್ತಿದಾಗ ಕಿಟಕಿಯಲ್ಲಿ ಐಲಿಯ ಮುಖ ಕಂಡಿತು. ಗೋಡೆಗಿಂತ ಬಿಳುಪಾಗಿತ್ತು. ಅವಳು ತಲೆಯಾಡಿಸುತ್ತಿದ್ದಳು, ಬೇಡ ಬೇಡ ಎಂಬಂತೆ. ಕಾಫಿಗೆ ಕರೆಯಲಾರೆ, ಮನೆ ಹೀಗಿದೆ ಅನ್ನುತ್ತಿದ್ದಾಳೆ ಎಂದು ತಿಳಿದು ಅವನು ಕೈಯೆತ್ತಿ ಪರವಾಗಿಲ್ಲ ಎಂದು ಸನ್ನೆ ಮಾಡಿ, ಖಾಲಿ ಗಾಡಿ ತಳ್ಳಿಕೊಂಡು ಹಿಂದಿರುಗಿದ.

ಬರ್ಚ್ ಮರಗಳ ತಿರುವಿನಲ್ಲಿ ಗಾಜು ಒಡೆದ ಸದ್ದು ಕೇಳಿತು. ಆಮೇಲೆ ಮರಕ್ಕೆ ಕೊಡಲಿ ಬೀಳುವ ಸದ್ದು. ಒಂದು, ಎರಡು, ಮೂರು. ಸೌದೆ ಒಡೆಯುತ್ತಿದ್ದಾನೆ ಎಂದುಕೊಂಡ. ನಾಲ್ಕನೆಯ ಏಟಿಗೆ ಹಲಗೆ ಸೀಳಿತು. ಅದು ಸೌದೆಯಲ್ಲ, ಒಣಗಿದ ಪೈನ್ ಹಲಗೆ. ಮರದ ಕೆಲಸದವನಿಗೆ ಅಷ್ಟು ಗೊತ್ತಾಗುತ್ತದೆ. ಆ ಮನೆಯಲ್ಲಿ ಒಣ ಪೈನಿನದೆಂದರೆ ಒಂದೇ, ಅವನೇ ಮಾಡಿಕೊಟ್ಟ ಸೌನಾದ ಬಾಗಿಲು. ಆಗ ಚೂರಿ, ಸುತ್ತಿಗೆ, ಹಾರೆ, ಕೊಡಲಿ ನಾಲ್ಕೂ ಒಟ್ಟಿಗೆ ಅವನ ತಲೆಯೊಳಗೆ ಬಂದು ಬಿದ್ದವು. ತಂಗಿ ಆ ಮನೆಯಿಂದ ಏನನ್ನು ಹೊರಗೆ ಸಾಗಿಸುತ್ತಿದ್ದಳು ಎಂದು ಅವನಿಗೆ ಅರ್ಥವಾಯಿತು. ಗಾಡಿ ಬಿಟ್ಟು ಓಡಿದ.

ಐಲಿ ಒಳಗಿನಿಂದ ಅಗುಳಿ ಹಾಕಿಕೊಂಡು ಸೌನಾದಲ್ಲಿ ಅಡಗಿದ್ದಳು. ಬಾಗಿಲು ಎರಡು ಹೋಳಾಗಿ ಬಿದ್ದಿತ್ತು. ಒಳಗೆ ಒಲೆ ಹೊತ್ತಿ ಕಲ್ಲುಗಳು ಕಾದಿದ್ದವು, ಶನಿವಾರವಲ್ಲವೇ. ಅವಳು ಕೆಳಗಿನ ಮೆಟ್ಟಿಲ ಬಳಿ ಕುಸಿದಿದ್ದಳು. ಬಲಭುಜ ಕೊರಳ ಬುಡದವರೆಗೆ ತೆರೆದುಕೊಂಡು, ರಕ್ತ ಅವನೇ ಹೊಡೆದ ಒರಟು ಹಲಗೆಯ ಮೇಲೆ ಹರಿದು ಗೆರೆಗಳೊಳಗೆ ಇಳಿಯುತ್ತಿತ್ತು. ಎಸ್ಕೊ ಎರಡನೆಯ ಏಟಿಗೆ ಕೊಡಲಿ ಎತ್ತಿದ್ದ. ಮೇಲಿನ ತೊಲೆ ಅಡ್ಡ ಬಂದು ಕೈ ಅರೆಗಳಿಗೆ ನಿಂತಿತು.

ತೌನೊ ಒಲೆಯ ಬದಿಯ ಕೊರಡೊಂದನ್ನು ಎತ್ತಿ ಅವನ ಕತ್ತಿನ ಹಿಂಭಾಗಕ್ಕೆ ಬೀಸಿದ. ಎಸ್ಕೊ ಬೀಳಲಿಲ್ಲ, ತಿರುಗಿದ. ತಿರುಗುತ್ತಲೇ ಕೊಡಲಿ ಬಂತು. ತೌನೊ ಎಡಗೈ ಅಡ್ಡ ಹಿಡಿದ. ನೋವೇ ಆಗಲಿಲ್ಲ. ಮೂರು ಬೆರಳು ಬೆಣ್ಣೆಯ ತುಂಡಿನ ಹಾಗೆ ಕಳಚಿ ನೆಲಕ್ಕೆ ಬಿದ್ದವು. ಚೆನ್ನಾಗಿ ಕೂತಿದೆ ಹದ, ಎಂದು ಆ ಕ್ಷಣದಲ್ಲೂ ಅವನ ತಲೆಯೊಳಗಿನ ಕಸುಬುಗಾರ ಹೇಳಿದ. ಆ ಒಂದು ಯೋಚನೆಗಾಗಿ ತೌನೊ ತನ್ನನ್ನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಅವನು ಮನುಷ್ಯನಾಗಿ ಉಳಿಯಲಿಲ್ಲ. ಹಣೆಯಿಂದ ಎಸ್ಕೊನ ಮೂಗಿಗೆ ಗುದ್ದಿದ, ಮೂಳೆ ಪುಡಿಯಾದದ್ದು ಹಣೆಗೆ ತಿಳಿಯಿತು. ಕಿವಿಯನ್ನು ಕಚ್ಚಿ ಹಿಡಿದು ಬಿಡದೆ ಎಳೆದ. ಇಬ್ಬರೂ ರಕ್ತದಲ್ಲಿ ಜಾರಿ ಒಲೆಯ ಮೇಲೆ ಬಿದ್ದರು. ಕೆಳಗಿದ್ದವನು ಎಸ್ಕೊ. ಅವನ ಕೆನ್ನೆ ಕಾದ ಕಲ್ಲಿಗೆ ಅಂಟಿ ಚುಯ್ ಎಂದಿತು. ತೌನೊ ಮೊಂಡುಗೈಯಿಂದಲೇ ಆ ತಲೆಯನ್ನು ಕಲ್ಲಿಗೆ ಒತ್ತಿದ, ಎಸ್ಕೊ ಹಂದಿಯ ಹಾಗೆ ಅರಚುವವರೆಗೆ, ಅರಚಿ ಸುಮ್ಮನಾಗುವವರೆಗೆ ಒತ್ತಿದ. ಕೊಡಲಿ ಕೈಜಾರಿತು. ಎಸ್ಕೊ ಉರುಳಿ ಅಂಗಾತ ಬಿದ್ದ, ಕಾಲು ಮಾತ್ರ ಆಡುತ್ತಿತ್ತು. ತೌನೊ ಬಲಗೈಯಲ್ಲಿ ಕೊಡಲಿ ಎತ್ತಿಕೊಂಡ. ಅವನ ಹಣೆಯ ನಡುವಿಗೆ ಗುರಿ ಹಿಡಿದು ತಲೆಯ ಮೇಲಕ್ಕೆತ್ತಿದ. ಕೊಲ್ಲುವವನಿದ್ದ, ಅದರಲ್ಲಿ ಅನುಮಾನವಿಲ್ಲ.

"ಯಾಕ್ ತಂದೆ ಅಣ್ಣ?" ಎಂದಳು ಐಲಿ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದೊಡ್ಡದಾಗಿಯೂ ಹೇಳಲಿಲ್ಲ.

"ಇಟ್ಕೋ ಅಂತ ತಾನೆ ಕೊಟ್ಟಿದ್ದು."

ಕೊಡಲಿ ಎಸ್ಕೊನ ತಲೆಯ ಪಕ್ಕದ ಹಲಗೆಗೆ ಬಿತ್ತು. ಅಕ್ಕಪಕ್ಕದವರು ಬಂದಾಗ ತೌನೊ ಅಂಗಿ ಹರಿದು ತಂಗಿಯ ಭುಜಕ್ಕೆ ಒತ್ತಿ ಹಿಡಿದು ಕೂತಿದ್ದ. ತನ್ನ ಕೈಗೆ ಏನೂ ಕಟ್ಟಿಕೊಂಡಿರಲಿಲ್ಲ. ಕೊಡಲಿಯನ್ನು ಹಲಗೆಯಿಂದ ಕೀಳಲು ಇಬ್ಬರು ಬೇಕಾದರು.

ಐಲಿ ಬದುಕಿದಳು. ಬಲಗೈ ಭುಜಕ್ಕಿಂತ ಮೇಲೆ ಏಳದು. ಕುವೊಪಿಯೊ ಪಟ್ಟಣದ ಒಂದು ಲಾಂಡ್ರಿಯಲ್ಲಿ ಎಡಗೈಯಿಂದ ಮಡಿಸುವ ಕೆಲಸ ಹಿಡಿದಳು. ಎಸ್ಕೊ ಜೈಲಿಗೆ ಹೋದ. ಊರಿನವರು ತೌನೊನ ಮನೆಗೆ ಏಲಕ್ಕಿ ಬ್ರೆಡ್ಡು ತಂದಿಟ್ಟು, ನಿನ್ನಂಥ ಅಣ್ಣ ಇರಬೇಕು ಎಂಬಂತೆ ತಲೆಯಾಡಿಸಿ ಹೋದರು. ಆ ಬ್ರೆಡ್ಡನ್ನೆಲ್ಲ ಅವನು ಮೀನಿಗೆ ಎಸೆದ. ಕೊಡಲಿಯನ್ನು ಪೊಲೀಸರು ಸಾಕ್ಷಿಗೆಂದು ಒಯ್ದಿದ್ದರು. ಕೈ ಮಾಯ್ದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ, ಗೋಡೆಗೆ ಹೊಸ ಮೊಳೆ ಹೊಡೆದು ಆ ಕೊಡಲಿಯ ನೆರಳನ್ನು ನೆನಪಿನಿಂದಲೇ ಬರೆದದ್ದು. ಆ ಮೊಳೆ ವರ್ಷವಿಡೀ ಖಾಲಿಯಿತ್ತು.

ಮುಂದಿನ ಅಕ್ಟೋಬರಿನ ಒಂದು ಬುಧವಾರ, ಬೆಳಗಿನ ಹತ್ತರ ಹೊತ್ತಿಗೆ, ಕೆರ್ತ್ತು ಬಂದಳು. ಅವಳ ಗಂಡ ಪೆಂಟ್ಟಿ ಇಗರ್ಜಿಯಲ್ಲಿ ಆರ್ಗನ್ ನುಡಿಸುವವನು. ಅವನು ಗಟ್ಟಿಯಾಗಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿದವರಿಲ್ಲ. ಕೆರ್ತ್ತು ಗೋಣಿತಾಟಿನಲ್ಲಿ ಸುತ್ತಿದ ಒಂದು ಕೊಡಲಿಯನ್ನು ಮೇಜಿನ ಮೇಲಿಟ್ಟಳು.

"ಮನೇಲಿ ಸುಮ್ನೆ ಬಿದ್ದಿತ್ತು ತೌನೊ. ಸ್ವಲ್ಪ ದಿನ ನಿಮ್ಮಲ್ಲಿರ್ಲಿ ಅಂತ."

ತೌನೊ ಅದನ್ನು ಬಿಚ್ಚಿ ಖಾಲಿ ಮೊಳೆಗೆ ನೇತುಹಾಕಿದ. ನೆರಳಿಗೆ ಸರಿಯಾಗಿ ಕೂರಲಿಲ್ಲ, ಬೆರಳಗಲ ಉಳಿಯಿತು. ಕಾಫಿ ಬಸಿದಿಟ್ಟ. ಕೆರ್ತ್ತು ಬೇಡ ಎಂದಳು. ಅವಳ ಕೈ ಚಿಲಕದ ಮೇಲಿತ್ತು, ಕಾಲು ಕದಲಲಿಲ್ಲ. ತೌನೊನದು ಐವತ್ತೊಂಬತ್ತು ವರ್ಷದಲ್ಲಿ ಇನ್ನೊಬ್ಬರ ಮನೆಯ ಮಾತು ಕೇಳಿ ಅಭ್ಯಾಸವಿಲ್ಲದ ಬಾಯಿ.

"ಇನ್ನೇನಿದೆ ಕೆರ್ತ್ತು, ಮನೇಲಿ?" ಎಂದ.

ಅವಳಿಗೆ ಅಳು ಬಂತು, ನುಂಗಿಕೊಂಡಳು.

"ಬೇಟೆ ಬಂದೂಕು. ಹಾಸಿಗೆ ಪಕ್ಕದಲ್ಲೇ ಇಟ್ಕೊಂಡಿದಾರೆ. ನಂಗೆ ತರಕ್ಕಾಗ್ಲಿಲ್ಲ."

ತೌನೊ ಎದ್ದು ಕೋಟು ಹಾಕಿಕೊಂಡ. ಎರಡು ಬೆರಳ ಎಡಗೈಯಿಂದ ಗುಂಡಿ ಹಾಕುವುದು ತಡವಾಗುತ್ತದೆ, ಅವಳೇ ಹಾಕಿಕೊಟ್ಟಳು.

"ನೀವಿಲ್ಲೇ ಕೂತಿರಿ. ಒಳಗಿಂದ ಅಗುಳಿ ಹಾಕ್ಕೊಳ್ಳಿ. ನಾನೇ ಹೋಗಿ ಎರವಲು ಕೇಳ್ತೀನಿ, ಇಲ್ಲ ಅನ್ನಕ್ಕಾಗಲ್ಲ ಅವನಿಗೆ. ಯಾಕೆ ಅಂತಾನೂ ಕೇಳಕ್ಕಾಗಲ್ಲ."

"ಶನಿವಾರ ವಾಪಸ್ ಕೊಡ್ಬೇಕಾಗುತ್ತಲ್ಲ."

"ಕೊಡಲ್ಲ," ಎಂದ ತೌನೊ. ಕೈಗಾಡಿಯನ್ನು ಹೊರಗೆಳೆದುಕೊಂಡು, ಹಿಂದೆ ಅಗುಳಿ ಬಿದ್ದ ಸದ್ದು ಕೇಳಿಸಿದ ಮೇಲೆ, ಪೆಂಟ್ಟಿಯ ಮನೆಯ ದಾರಿ ಹಿಡಿದ.